ಮುಚ್ಚಳ ತೆಗೆದು ನೋಡುವವರ ಬೀಗರೂಟ

ನಮ್ಮ ತೋಟದ ಪಂಪ್‌ಮನೆಯ ಪಕ್ಕದಲ್ಲಿ ಒಂದು ಡ್ರಮ್ಮು ಅಡ್ಡಡ್ಡ ಮಲಗಿದೆ. ಎಣ್ಣೆ ತುಂಬಿ ಬರುತ್ತದಲ್ಲ, ಅಂಥ ದೊಡ್ಡ ಕಬ್ಬಿಣದ ಡ್ರಮ್ಮು. ಅದನ್ನು ಉದ್ದಕ್ಕೆ ಸೀಳಿ, ಕೀಲು ಕೂರಿಸಿ, ನಾಲ್ಕು ಕಾಲು ಬೆಸೆದು, ತಲೆಯ ಮೇಲೊಂದು ಹೊಗೆ ಕೊಳವೆ ನಿಲ್ಲಿಸಿದ್ದಾರೆ. ಒಳಗಿನ ಶಾಖ ಎಷ್ಟೆಂದು ತೋರಿಸುವ ಮುಳ್ಳಿನ ಮೀಟರೂ ಇದೆ. ಹೋದ ವಾರ ಬಿದ್ದ ಕಾಯಿ ಆಯಿಸಲು ಹೋದಾಗ ಅದರೊಳಗೆ ನಮ್ಮ ಕೆಂಪು ಕೋಳಿ ಕಾವಿಗೆ ಕೂತಿತ್ತು. ಅರೆತೆರೆದ ಮುಚ್ಚಳವನ್ನು ನಾನು ಇನ್ನಷ್ಟು ಎತ್ತಿ ಇಣುಕಿದ್ದಕ್ಕೆ ಕೊಕ್ಕು ಚಾಚಿ ಕುಕ್ಕಲು ಬಂತು. ಆ ಡ್ರಮ್ಮಿನ ಮುಚ್ಚಳ ಎತ್ತಬಾರದು ಎನ್ನುವುದನ್ನು ನಮ್ಮ ಇಡೀ ವಂಶದಲ್ಲಿ ಅರ್ಥ ಮಾಡಿಕೊಂಡ ಜೀವ ಅದೊಂದೇ.

ಡ್ರಮ್ಮಿನ ಕರ್ತೃ ನನ್ನ ಮೈದುನ ಲೋಕೇಶ. ಕಡೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮತ್ತು ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಒಳ್ಳೆಯ ಹುಡುಗ. ಹುಡುಗ ಅಂದರೆ ನಲವತ್ತೈದು ದಾಟಿದೆ. ಆದರೆ ಅತ್ತಿಗೆಯ ಕಣ್ಣಿಗೆ ಮೈದುನಂದಿರು ದೊಡ್ಡವರಾಗುವ ಪದ್ಧತಿ ನಮ್ಮಲ್ಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಫೋನಿನಲ್ಲಿ ಅಮೆರಿಕದ ವಿಡಿಯೋ ನೋಡುತ್ತಾನೆ. ಅಗಲ ಹ್ಯಾಟು ಹಾಕಿದ ದಪ್ಪ ದಪ್ಪ ಗಂಡಸರು ಬೆಳಗಾಗುತ್ತಲೇ ಒಂದು ಡ್ರಮ್ಮಿಗೆ ಮಾಂಸ ತುಂಬಿ ಮುಚ್ಚಳ ಹಾಕುತ್ತಾರೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಬೋರ್ಬನ್ ಎಂಬ ವಿಸ್ಕಿ ಹೀರುತ್ತಾ ಸಂಜೆಯವರೆಗೆ ಡ್ರಮ್ಮನ್ನು ನೋಡುತ್ತಿರುತ್ತಾರೆ. ಇದಕ್ಕೆ ಬಾರ್ಬೆಕ್ಯೂ ಎಂದು ಹೆಸರು. ಅಡುಗೆ ಎಂದರೆ ಕುರ್ಚಿಯಲ್ಲಿ ಕೂರುವುದು ಎಂದು ತಿಳಿದ ಮೇಲೆ ಯಾವ ಗಂಡಸಿಗೆ ತಾನೇ ಅಡುಗೆಯ ಮೇಲೆ ಪ್ರೀತಿ ಹುಟ್ಟುವುದಿಲ್ಲ, ನೀವೇ ಹೇಳಿ.

ನಮ್ಮ ಗಂಡಸರೂ ಅಡುಗೆ ಮಾಡದವರೇನಲ್ಲ. ಸೂರಿನ ಕೆಳಗೆ ಮಾಡುವುದಿಲ್ಲ, ಅಷ್ಟೆ. ಒಲೆಯನ್ನು ಅಂಗಳಕ್ಕೆ ತಂದುಬಿಟ್ಟರೆ ಅವರಿಗೆ ಕೈಗುಣ ಬಂದುಬಿಡುತ್ತದೆ. ಹೆಂಗಸರು ಈರುಳ್ಳಿ ಹೆಚ್ಚಿ, ಖಾರ ಅರೆದು, ನೀರು ಹೊತ್ತು, ಪಾತ್ರೆ ಬೆಳಗಿ ಕೊಟ್ಟರೆ ಸಾಕು, ಮಿಕ್ಕದ್ದನ್ನೆಲ್ಲ ಅವರೇ ಮಾಡುತ್ತಾರೆ. ಮಿಕ್ಕದ್ದು ಅಂದರೆ ಸೌಟು ಆಡಿಸುವುದು. ಊಟವಾದ ಮೇಲೆ ವರ್ಷವಿಡೀ ಅದರ ವರ್ಣನೆ ಕೇಳಬೇಕು. ದಿನಾ ಮೂರು ಹೊತ್ತು ಬೇಯಿಸುವ ನಮ್ಮ ಸಾರಿನ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ಅದು ಉಪ್ಪಿನ ಬಗ್ಗೆ ಮಾತ್ರ.

ನನ್ನ ತವರು ದೇವನೂರು. ಅಲ್ಲಿ ಹೊಸತೊಡಕಿನ ದಿನ, ಅಂದರೆ ಯುಗಾದಿಯ ಮಾರನೆಯ ದಿನ, ಹತ್ತಾರು ಮನೆಯವರು ಸೇರಿ ಮರಿ ಕಡಿಸುತ್ತಿದ್ದರು. ತಕ್ಕಡಿ ಇಲ್ಲ, ತೂಕ ಇಲ್ಲ. ಮುತ್ತುಗದ ಎಲೆ ಹಾಸಿ ಮನೆಗೊಂದರಂತೆ ಗುಡ್ಡೆ ಹಾಕುವುದು. ಪ್ರತಿ ಗುಡ್ಡೆಯಲ್ಲೂ ಒಂದಿಷ್ಟು ಮೂಳೆ, ಒಂದಿಷ್ಟು ಮೆತ್ತನೆಯದು, ಒಂದಿಷ್ಟು ಕೊಬ್ಬು, ಒಂದು ಚೂರು ಲಿವರ್ ಇರಲೇಬೇಕು. ಗುಡ್ಡೆ ಹಾಕುತ್ತಿದ್ದವರು ನಮ್ಮಪ್ಪ. ಎಲ್ಲರೂ ತಮಗೆ ಬೇಕಾದ ಗುಡ್ಡೆ ಎತ್ತಿಕೊಂಡ ಮೇಲೆ ಉಳಿದದ್ದು ಗುಡ್ಡೆ ಹಾಕಿದವನಿಗೆ, ಅದು ನಿಯಮ. ಹಾಗಾಗಿ ನಮ್ಮ ಮನೆಗೆ ಯಾವತ್ತೂ ಊರಿಗೆಲ್ಲ ಬೇಡವಾದ ಗುಡ್ಡೆಯೇ ಬರುತ್ತಿತ್ತು. ಅಮ್ಮ ಗೊಣಗುತ್ತಿದ್ದಳು. ಗುಡ್ಡೆ ಸರಿಯಾಗಿದ್ದರೆ ಕೊನೆಯದೂ ಸರಿಯಾಗಿಯೇ ಇರುತ್ತದೆ ಎನ್ನುವುದು ಅಪ್ಪನ ವಾದ.

ಅತ್ತ ಇನ್ನೊಂದು ಕಡೆ ತೆಂಗಿನ ಚಿಪ್ಪಿನ ಬೆಂಕಿಯಲ್ಲಿ ತಲೆ ಕಾಲು ಸುಡುತ್ತಿದ್ದರು. ಮಕ್ಕಳಾದ ನಾವು ಲಿವರಿನ ಚೂರನ್ನು ತೆಂಗಿನ ಕಡ್ಡಿಗೆ ಚುಚ್ಚಿಕೊಂಡು ಹೋಗಿ ಅದೇ ಕೆಂಡದಲ್ಲಿ ಸುಟ್ಟು, ಉಪ್ಪು ಖಾರದಪುಡಿ ಸವರಿ ತಿನ್ನುತ್ತಿದ್ದೆವು. ಕೂದಲು ಸುಟ್ಟ ವಾಸನೆ, ಹೊಗೆ, ಬೂದಿ ಎಲ್ಲ ಸೇರಿ ಬಾಯಿ ಕಪ್ಪಗಾಗುತ್ತಿತ್ತು. ಇದು ಬಾರ್ಬೆಕ್ಯೂ ಎಂದು ಹೇಳಿಕೊಡುವವರು ಆಗ ದೇವನೂರಿನಲ್ಲಿ ಇರಲಿಲ್ಲವಾದ್ದರಿಂದ ಸುಟ್ಕೊಂಡು ತಿನ್ನೋದು ಅನ್ನುತ್ತಿದ್ದೆವು.

ಇನ್ನು ಕುಡಿತದ ವಿಷಯ. ನಮ್ಮ ನೆಂಟರಲ್ಲಿ ಯಾರೂ ಕುಡಿಯುವುದಿಲ್ಲ, ತೆಂಗಿನ ಮರದ ಹಿಂದಕ್ಕೆ ಹೋಗಿ ಬರುತ್ತಾರೆ. ಹಿರಿಯರ ಎದುರು ಲೋಟ ಹಿಡಿಯಬಾರದು ಎನ್ನುವುದು ಮರ್ಯಾದೆ. ಅಪ್ಪ ಒಂದು ಮರದ ಹಿಂದೆ, ಮಗ ಇನ್ನೊಂದು ಮರದ ಹಿಂದೆ, ಅಳಿಯ ಮೂರನೆಯ ಸಾಲಿನಲ್ಲಿ. ಒಬ್ಬರು ಅಲ್ಲಿದ್ದಾರೆಂದು ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತು. ಆದರೂ ಮರದಿಂದ ಈಚೆ ಬಂದಾಗ ಬಾಯಿಗೆ ಏಲಕ್ಕಿ ಹಾಕಿಕೊಂಡು, ಬಿಸಿಲು ಜಾಸ್ತಿ ಆಯಿತು ಎಂಬ ವಿಷಯವನ್ನೇ ಮಾತಾಡಬೇಕು. ಅಷ್ಟು ಹೊತ್ತಿಗೆ ಮೋಡ ಕವಿದಿದ್ದರೂ ಸರಿ. ಈ ವ್ಯವಸ್ಥೆಯಿಂದಾಗಿ ನಮ್ಮ ಮನೆತನದಲ್ಲಿ ಕುಡಿಯುವವರಿಲ್ಲ ಎಂದು ಹೆಣ್ಣು ನೋಡಲು ಬಂದವರಿಗೆಲ್ಲ ಧೈರ್ಯವಾಗಿ ಹೇಳುತ್ತಾ ಬಂದಿದ್ದೇವೆ.

ಈ ಡ್ರಮ್ಮು, ಈ ಮರಗಳು, ಎಲ್ಲವೂ ಒಂದೇ ದಿನ ನನ್ನ ಕೊರಳಿಗೆ ಬಿದ್ದದ್ದು ನನ್ನ ಮಗಳು ಚೈತ್ರಳ ಬೀಗರೂಟದಲ್ಲಿ. ನಮ್ಮ ಕಡೆಯವರಿಗೆ ಬೀಗರೂಟ ಏನೆಂದು ಹೇಳಬೇಕಿಲ್ಲ. ಬೇರೆ ಕಡೆಯವರು ಕೇಳಿ: ಮದುವೆ ದಿನದ್ದು ಸಿಹಿಯೂಟ, ಅದು ದೇವರ ಹೆಸರಿಗೆ. ಅದಾದ ಮೇಲೆ ಒಳ್ಳೆಯ ವಾರ ನೋಡಿ ಹೆಣ್ಣಿನ ಮನೆಯವರು ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕುತ್ತಾರೆ, ಅದು ನೆಂಟಸ್ತನದ ಹೆಸರಿಗೆ. ಬೀಗರು ಬರುವುದು ಉಣ್ಣುವುದಕ್ಕಲ್ಲ, ಏನು ಕಡಿಮೆಯಾಯಿತು ಎಂದು ನೋಡುವುದಕ್ಕೆ. ಸಿಕ್ಕ ಕೊರತೆಯನ್ನು ಜೋಪಾನವಾಗಿ ಮನೆಗೆ ಒಯ್ದು, ಹೊಸ ಸೊಸೆಯ ಮುಂದೆ ಬದುಕಿಡೀ ಬಡಿಸುತ್ತಾರೆ. ಅದು ಹಳಸುವುದೂ ಇಲ್ಲ.

ಇದನ್ನು ನಾನು ಓದಿ ತಿಳಿದದ್ದಲ್ಲ. ನನ್ನ ಬೀಗರೂಟದಲ್ಲಿ ಅಪ್ಪ ಎಲೆಗೆ ಬರೀ ಸಾರು ಬಡಿಸಿದರು, ತುಂಡು ಸಿಗಲಿಲ್ಲ, ಇದು ನನ್ನ ಅತ್ತೆಯ ದೂರು. ಮದುವೆಯಾಗಿ ಮೂವತ್ತು ವರ್ಷ ಸಮೀಪಿಸಿತು, ದೂರು ಮಾತ್ರ ನಿನ್ನೆಯದು ಎಂಬಂತಿತ್ತು. ನಾನು ಹಾಲು ಉಕ್ಕಿಸಿದರೆ, ತುಂಡಿಲ್ಲದ ಬೀಗರೂಟ ಹಾಕಿದ ಮನೆಯವಳಲ್ಲವೇ. ಸೀರೆ ಒಣಗಹಾಕುವಾಗ ಮಳೆ ಬಂದರೆ ಅದಕ್ಕೂ ಆ ಸಾರೇ ಕಾರಣ. ಊರಿಗೆಲ್ಲ ಸಮನಾಗಿ ಗುಡ್ಡೆ ಹಾಕುತ್ತಿದ್ದ ಮನುಷ್ಯ ಮಗಳ ಬೀಗರಿಗೆ ತುಂಡು ಕದ್ದರು ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎದುರಾಡುವ ಕಾಲ ಅದಲ್ಲ, ಕಾಲ ಬಂದಾಗ ನನಗೆ ಸುಸ್ತಾಗಿತ್ತು.

ಅಪ್ಪನ ಕಿವಿಗೂ ಮಾತು ಬಿತ್ತು. ಅಂದಿನಿಂದ ಊರಿನಲ್ಲಿ ಮರಿ ಕಡಿಸಿದಾಗಲೆಲ್ಲ ತಮ್ಮ ಗುಡ್ಡೆಯಲ್ಲಿ ಒಳ್ಳೊಳ್ಳೆಯ ತುಂಡು ಆರಿಸಿ, ಅಮ್ಮನಿಂದ ಹುರಿಸಿ, ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತುತ್ತಿದ್ದರು. ದಾರಿಯಲ್ಲಿ ಬಾಡಿನ ವಾಸನೆಗೆ ಗಾಳಿ ಗೀಳಿ ಹಿಡಿಯಬಾರದೆಂದು ಡಬ್ಬಿಯ ಮೇಲೊಂದು ಇದ್ದಿಲ ಚೂರು. ಮಗಳ ಮನೆಯಲ್ಲಿ ಕೂತು ಉಣ್ಣುವವರಲ್ಲ. ಹೊರಗಿನ ಬೆಂಚಿನ ಮೇಲೆ ಒಂದು ಲೋಟ ಕಾಫಿ ಕುಡಿದು ನನ್ನನ್ನು ನೋಡಿಕೊಂಡು ಹೊರಡುವರು. ಹೊರಡುವಾಗ ನಮ್ಮತ್ತೆಯನ್ನು ಕೇಳುವರು, ಈ ಸಲ ತುಂಡು ಸಾಕಾದೀತೇ ಬೀಗಿತ್ತಿಯವರೇ ಎಂದು. ಪರವಾಗಿಲ್ಲ ಎಂದು ಅತ್ತೆ ಮುಖ ತಿರುಗಿಸುತ್ತಿದ್ದರು. ಅಪ್ಪ ತೀರಿಕೊಂಡು ಆರೇಳು ವರ್ಷವಾಯಿತು. ಕಡೆಯವರೆಗೂ ಅವರಿಗೆ ಪರವಾಗಿಲ್ಲ ಎನ್ನುವುದಕ್ಕಿಂತ ಮೇಲಿನ ಅಂಕ ಸಿಗಲಿಲ್ಲ.

ಹಾಗಾಗಿ ಚೈತ್ರಳನ್ನು ಶಿವನಿ ಎಂಬ ಊರಿಗೆ ಕೊಟ್ಟಾಗ ದೇವರಲ್ಲಿ ನಾನು ಬೇಡಿಕೊಂಡದ್ದು ಒಂದೇ. ಹುಡುಗ ಒಳ್ಳೆಯವನಿರಲಿ ಎಂದಲ್ಲ. ಅದು ಹೇಗೂ ನಮ್ಮ ಕೈಯಲ್ಲಿಲ್ಲ. ಬೀಗರೂಟ ಸಾಂಗವಾಗಲಿ, ನನ್ನ ಮಗಳು ಸಾಯುವವರೆಗೆ ಒಂದು ದಿನದ ಸಾರಿಗೆ ಉತ್ತರ ಕೊಡುವ ಹಾಗಾಗದಿರಲಿ ಎಂದು. ಅಷ್ಟರಲ್ಲಿ ಲೋಕೇಶ ಡ್ರಮ್ಮು ತಂದು ನಿಲ್ಲಿಸಿದ.

ಕಡೂರು ತಾಲ್ಲೂಕಿನಲ್ಲೇ ಮೊದಲ ಬಾರ್ಬೆಕ್ಯೂ ಬೀಗರೂಟ ಎಂದು ಘೋಷಿಸಿದ. ತರೀಕೆರೆ, ಅಜ್ಜಂಪುರದವರೂ ಕಂಡಿರುವುದಿಲ್ಲವಂತೆ. ಕಂಡಿರದಿದ್ದರೆ ಅವರ ಪುಣ್ಯ, ನಮಗೇಕೆ ಎಂದೆ. ಹುರುಳಿಲ್ಲದ ಮಾತೆಂದು ತಳ್ಳಿಹಾಕಿದ. ಇಡೀ ತೊಡೆ, ಇಡೀ ಪಕ್ಕೆ ಡ್ರಮ್ಮಿನೊಳಗಿಟ್ಟು ಸಣ್ಣ ಉರಿಯ ಹೊಗೆಯಲ್ಲಿ ಬೆಳಗಿನಿಂದ ಬೇಯಿಸಿದರೆ ಮಾಂಸ ಮೂಳೆಯಿಂದ ತಾನಾಗಿ ಜಾರುತ್ತದಂತೆ. ಖಾರ ಅರೆಯುವುದು ಬೇಡ, ಮುದ್ದೆ ತೊಳಸುವುದು ಬೇಡ, ಅತ್ತಿಗೆ ಅವತ್ತು ರೇಷ್ಮೆ ಸೀರೆ ಉಟ್ಟುಕೊಂಡು ಕೂತರೆ ಸಾಕು. ನನ್ನ ಯಜಮಾನರನ್ನು ನೋಡಿದೆ. ಅಷ್ಟು ಆಸೆ ಪಡುತ್ತಾನೆ, ಮಾಡಲಿ ಬಿಡು ಎಂದರು. ಅವರು ಬಿಡು ಎಂದ ವಿಷಯಗಳನ್ನೆಲ್ಲ ನಾನು ಹಿಡಿದುಕೊಂಡು ಬಂದದ್ದೇ ನಮ್ಮ ಸಂಸಾರ.

ಬೋರ್ಬನ್ ತಂದದ್ದು ಲೋಕೇಶನ ಸ್ನೇಹಿತ, ಹಡಗಿನಲ್ಲಿ ಫಿಟ್ಟರ್ ಆಗಿರುವವನು. ನಾಲ್ಕು ಬಾಟಲಿ. ಅದನ್ನು ಮುಸುಕಿನ ಜೋಳದಿಂದ ಮಾಡುತ್ತಾರಂತೆ, ಒಳಗೆಲ್ಲ ಸುಟ್ಟ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರಂತೆ, ಆ ಸುಟ್ಟ ವಾಸನೆಗೇ ಅಷ್ಟು ಬೆಲೆಯಂತೆ. ನಮ್ಮಲ್ಲಿ ಹಾಲಿಗೆ ಹೊಗೆ ವಾಸನೆ ಹಿಡಿದರೆ ಸೊಸೆಗೆ ಬೈಗುಳ ಬೀಳುತ್ತದೆ. ಜೋಳದ್ದು ಎಂದು ಕೇಳಿ ಅತ್ತೆ, ಕೋಳಿಗೆ ಹಾಕುವುದನ್ನು ಕುಡಿಯುತ್ತಾರಾ ಎಂದು ಕೆಮ್ಮಿದರು. ಮೂರು ಬಾಟಲಿ ತೋಟಕ್ಕೆ ಹೋಯಿತು. ನೆಂಟರ ಕಣ್ಣಿಗೆ ಬಿದ್ದರೆ ಉಳಿಯುವುದಿಲ್ಲವೆಂದು ನಾಲ್ಕನೆಯದನ್ನು ಲೋಕೇಶ ನನ್ನ ಕೈಗೆ ಕೊಟ್ಟ. ನಾನು ಪಂಪ್‌ಮನೆಯ ಅಕ್ಕಿ ಚೀಲದೊಳಗೆ ಹೂತಿಟ್ಟೆ.

ಬೀಗರೂಟ ಸಿಂಗಟಗೆರೆ ದಾರಿಯಲ್ಲಿರುವ ನಮ್ಮ ತೋಟದಲ್ಲಿ. ಭಾನುವಾರ ಹೊತ್ತಾರೆ ಲೋಕೇಶ ಹುಣಸೆ ಕಟ್ಟಿಗೆ, ತೆಂಗಿನ ಚಿಪ್ಪು ಹೊತ್ತಿಸಿ, ಹೊಗೆ ಬರಲೆಂದು ನೆನೆಸಿದ ಸಿಪ್ಪೆ ಹಾಕಿ, ಮಾಂಸ ಜೋಡಿಸಿ ಮುಚ್ಚಳ ಮುಚ್ಚಿದ. ಅದರ ಮೇಲೆ ಮುಚ್ಚಳ ತೆಗೆಯಬಾರದು ಎಂದು ಸುಣ್ಣದಲ್ಲಿ ಬರೆದ. ಒಂದು ಸಲ ತೆಗೆದರೆ ಒಳಗಿನ ಶಾಖವೆಲ್ಲ ಹೋಗಿ, ಮತ್ತೆ ಕೂಡಿಕೊಳ್ಳಲು ಅರ್ಧ ಗಂಟೆ ಬೇಕಂತೆ. ಅಮೆರಿಕದವರು ಸಂಜೆಯವರೆಗೆ ತೆಗೆಯುವುದಿಲ್ಲವಂತೆ. ಪಾಪ, ಅವರಿಗೆ ಸೋದರಮಾವಂದಿರಿಲ್ಲ.

ನಮ್ಮಲ್ಲಿ ದೊಡ್ಡ ಅಡುಗೆ ನಡೆಯುವ ಕಡೆ ಹಿರಿಯರು ಬಂದರೆ ಮೊದಲು ಮುಚ್ಚಳ ತೆಗೆದು ನೋಡಬೇಕು. ನೋಡಿ, ಕೋಲಿನಿಂದ ಒಂದು ಸಲ ತಿವಿದು, ಏನಾದರೂ ಒಂದು ಮಾತು ಹೇಳಬೇಕು. ನೋಡದೆ ಮುಂದೆ ಹೋದರೆ ಈ ಮನೆಯ ಕಾರ್ಯ ಅವರಿಗೆ ಬೇಕಿಲ್ಲ ಎಂದರ್ಥ. ನೋಡಬೇಡಿ ಎಂದು ತಡೆದರೆ ಹಿರಿಯರಿಗೆ ಅವಮಾನ. ನಮ್ಮ ಯಜಮಾನರ ಸೋದರಮಾವ ಬಂದರು, ಎತ್ತಿದರು, ಇನ್ನೂ ಬೇಕು ಎಂದರು. ಪಕ್ಕದ ತೋಟದವರು ಬಂದರು, ಎತ್ತಿದರು, ಉರಿ ಸಾಲದು ಎಂದರು. ಅವರ ಹಿಂದೆ ಬಂದವರು ಎತ್ತಿ, ಉರಿ ಜಾಸ್ತಿಯಾಯಿತು ಎಂದು ಎರಡು ಕೊಳ್ಳಿ ಈಚೆಗೆ ಎಳೆದರು. ಶಾಮಿಯಾನ ಕಟ್ಟುವವನೂ ಎತ್ತಿದ. ಸುಣ್ಣದಲ್ಲಿ ಬರೆದದ್ದನ್ನು ಓದಲೆಂದು ಹತ್ತಿರ ಬಂದ ಒಬ್ಬರು, ಓದಿ ಮುಗಿಸಿ, ಯಾಕೆ ತೆಗೆಯಬಾರದು ಎಂದು ತೆಗೆದು ನೋಡಿದರು. ಲೋಕೇಶ ಪ್ರತಿಯೊಬ್ಬರಿಗೂ ಕೈಮುಗಿದು, ನೋಡಿ ಮಾವ, ನೋಡಿ ದೊಡ್ಡಪ್ಪ ಎನ್ನುತ್ತಿದ್ದ. ಹಲ್ಲು ಕಚ್ಚಿಕೊಂಡು ನಗುವ ವಿದ್ಯೆ ಅವನಿಗೆ ಅಂದೇ ಬಂದದ್ದು. ಮೀಟರಿನ ಮುಳ್ಳು ಏಳಲು ನೋಡುವುದು, ಯಾರಾದರೂ ನೆಂಟರನ್ನು ಕಂಡು ಮತ್ತೆ ಮಲಗುವುದು.

ಮಧ್ಯಾಹ್ನಕ್ಕೆ ಶಿವನಿಯ ಬೀಗರು ಬಂದಿಳಿದರು. ಟೆಂಪೋದಲ್ಲಿ ಕೆಲವರು, ರೈಲಿನಲ್ಲಿ ಕಡೂರಿಗೆ ಬಂದು ಆಟೋ ಹಿಡಿದವರು ಕೆಲವರು. ಸಂಜೆ ರೈಲಿಗೆ ವಾಪಸು ಹೊರಡಬೇಕು. ಎಲ್ಲರ ಮುಂದೆ ಚೈತ್ರಳ ಅತ್ತೆ ಜಯಮ್ಮ. ನನಗಿಂತ ಎರಡು ವರ್ಷ ಚಿಕ್ಕವರು, ನೋಟದಲ್ಲಿ ಹತ್ತು ವರ್ಷ ದೊಡ್ಡವರು. ಶಾಮಿಯಾನ, ಎಲೆ, ನೀರಿನ ಡ್ರಮ್ಮು, ನನ್ನ ಸೀರೆ ಎಲ್ಲವನ್ನೂ ಒಂದು ಸಲ ನೋಡಿ ಮನಸ್ಸಿನಲ್ಲೇ ಬರೆದುಕೊಂಡರು. ಅವರ ಪಕ್ಕದಲ್ಲಿ ಚೈತ್ರ ಹೊಸ ಸೀರೆಯಲ್ಲಿ ಸೆಟೆದು ನಿಂತಿದ್ದಳು. ತನ್ನ ಮನೆಯ ತೋಟಕ್ಕೇ ಪರೀಕ್ಷೆಗೆ ಬಂದವಳ ಹಾಗಿತ್ತು ಅವಳ ಮುಖ.

ಲೋಕೇಶ ಅಮೆರಿಕದ ರೀತಿಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿ ನಡುವೆ ಬೋರ್ಬನ್ ಇಟ್ಟಿದ್ದ. ಒಬ್ಬರೂ ಕೂರಲಿಲ್ಲ. ಬೀಗರ ಎದುರು ಬೀಗರು ಕುಡಿಯುವುದುಂಟೇ? ಆಮೇಲೆ ಒಬ್ಬೊಬ್ಬರಾಗಿ ಬಂದು ಲೋಕೇಶನ ಕಿವಿಯಲ್ಲಿ ಏನೋ ಕೇಳಿ, ಲೋಟ ಹಿಡಿದು ಮಾಯವಾದರು. ಶಿವನಿಯವರು ಜೋಳ ಬೆಳೆಯುವ ಜನ. ಇದು ಜೋಳದ್ದು ಎಂದು ತಿಳಿದ ಕೂಡಲೇ, ಅಲ್ಲಿ ಕ್ವಿಂಟಲಿಗೆ ಏನು ರೇಟು ಎಂದು ವಿಚಾರಿಸಿದರು. ಲೋಕೇಶನ ವಿಡಿಯೋದಲ್ಲಿ ಅದಿರಲಿಲ್ಲ. ಕೆಲವರು ಎಳನೀರು ಬೆರೆಸಿದರು, ಕೆಲವರು ಉಪ್ಪಿನಕಾಯಿ ನಂಚಿದರು, ನಮ್ಮ ಬ್ರಾಂದಿಯ ಗಮ್ಮತ್ತಿಲ್ಲ ಎಂದು ಎಲ್ಲರೂ ಹೇಳಿದರು. ಬಾಟಲಿ ಮಾತ್ರ ಖಾಲಿಯಾಯಿತು.

ಊಟದ ಹೊತ್ತು ಮೀರಿತು. ಲೋಕೇಶ ಒಂದು ತೊಡೆ ಈಚೆ ತೆಗೆದು ಕೊಯ್ದ. ಹೊರಗೆ ಕಪ್ಪು, ಅದರ ಕೆಳಗೆ ಗುಲಾಬಿ ಬಣ್ಣ. ಗುಲಾಬಿ ಬಣ್ಣ ಬಂದರೆ ಬಾರ್ಬೆಕ್ಯೂ ಗೆದ್ದಂತೆ ಎಂದು ಫೋನಿನಲ್ಲಿ ತೋರಿಸತೊಡಗಿದ. ಅದು ಗೆದ್ದ ಗುಲಾಬಿಯಲ್ಲ. ಮೂಳೆಯ ಹತ್ತಿರ ರಕ್ತ ಜಿನುಗುತ್ತಿತ್ತು. ಜಯಮ್ಮ ಎದ್ದು ಬಂದರು, ಬಗ್ಗಿ ನೋಡಿದರು.

"ನಮ್ಮೂರಲ್ಲಿ ಇದನ್ನ ಹಸಿ ಅಂತಾರೆ" ಎಂದರು.

ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಹುಡುಕುತ್ತಿದ್ದದ್ದು ಸಿಕ್ಕಿದ ನೆಮ್ಮದಿ ಇತ್ತು. ಚೈತ್ರಳನ್ನು ನೋಡಿದೆ, ಅವಳು ನೆಲ ನೋಡುತ್ತಿದ್ದಳು. ಹಸಿ ಬಾಡಿನ ಬೀಗರೂಟ ಹಾಕಿದ ಮನೆಯವಳು. ಅವಳ ಹಾಲು ಉಕ್ಕುತ್ತದೆ, ಸೀರೆ ನೆನೆಯುತ್ತದೆ, ಮೂವತ್ತು ವರ್ಷ ಈ ತೊಡೆ ಅವಳ ತಲೆಯ ಮೇಲಿರುತ್ತದೆ. ಗಂಡಸರ ಕಡೆ ತಿರುಗಿದೆ. ಯಜಮಾನರು ಬಿಸಿಲು ಜಾಸ್ತಿಯಾಯಿತು ಎಂದರು.

ಪಂಪ್‌ಮನೆಗೆ ಓಡಿದೆ. ಅಲ್ಲಿ ಅತ್ತೆ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದರು. ಒಲೆಯ ಮೇಲೆ ಹಂಡೆಯಲ್ಲಿ ನೀರು ಮರಳುತ್ತಿತ್ತು. ಪಕ್ಕದ ಪಾತ್ರೆ ತುಂಬ ಅರೆದ ಖಾರ. ಮಗನ ಮೇಲೆ ಅವರಿಗೆ ತುಂಬಾ ನಂಬಿಕೆ, ಅದಕ್ಕೇ ಬೆಳಗ್ಗೆಯೇ ಆಳುಮಕ್ಕಳಿಗೆ ಹೇಳಿ ಅರೆಸಿಟ್ಟಿದ್ದರಂತೆ. ಡ್ರಮ್ಮಿನಲ್ಲಿದ್ದುದನ್ನೆಲ್ಲ ತರಿಸಿ, ಇಬ್ಬರನ್ನು ಕೂರಿಸಿ ತುಂಡು ಮಾಡಿಸಿ, ಹಂಡೆಗೆ ಹಾಕಿದೆವು. ಹೆಂಗಸರೆಲ್ಲ ಸೆರಗು ಸಿಕ್ಕಿಸಿದರು. ರಾಗಿ ಹಿಟ್ಟು ಬಂತು, ಮುದ್ದೆಯ ಕೋಲು ಬಂತು. ನನ್ನ ರೇಷ್ಮೆ ಸೀರೆಗೆ ಸಾರು ಬಿತ್ತು. ಸಂಜೆ ರೈಲಿಗೆ ಮುಂಚೆ ಎಲೆ ಹಾಕಿದೆವು.

ಬಾಡು ಬೆಂದಿತ್ತು. ಬೆಂದದ್ದು ಮಾತ್ರವಲ್ಲ, ಆ ಹೊಗೆಯ ವಾಸನೆ ಸಾರಿಗೆ ಇಳಿದು ಅದಕ್ಕೆ ಹೊಸದೊಂದು ರುಚಿ ಬಂದಿತ್ತು. ಶಿವನಿಯ ಗಂಡಸರು ಮೂರನೆಯ ಮುದ್ದೆ ಮುರಿದರು. ಇದು ಯಾರ ಕೈ ಅಡುಗೆ ಎಂದು ಕೇಳಿದಾಗ ನಮ್ಮ ಕಡೆಯ ಗಂಡಸರೆಲ್ಲ ಒಕ್ಕೊರಲಿನಿಂದ ಲೋಕೇಶನದು ಎಂದರು. ಅವನು ಬೇಡವೆನ್ನಲಿಲ್ಲ.

ಹೆಂಗಸರ ಸಾಲು ಪಂಪ್‌ಮನೆಯ ಒಳಗೆ. ಹೊಗೆಗೆ ಅತ್ತೆಗೆ ಕೆಮ್ಮು ಹತ್ತಿತ್ತು. ಚೈತ್ರ ಹುಟ್ಟಿದಾಗ ಬಾಣಂತಿ ಕೋಣೆಯಲ್ಲಿ ಶೀತವಾಗದಿರಲೆಂದು ಇದೇ ಅತ್ತೆ ನನಗೆ ಬಿಸಿನೀರಿಗೆ ಬ್ರಾಂದಿ ಹಾಕಿ ಕುಡಿಸಿದ್ದರು. ನಮ್ಮ ಹೆಂಗಸರೂ ಕುಡಿಯುವುದಿಲ್ಲ, ಔಷಧ ತೆಗೆದುಕೊಳ್ಳುತ್ತಾರೆ. ಅಕ್ಕಿ ಚೀಲದಿಂದ ಬಾಟಲಿ ತೆಗೆದು, ಬಿಸಿನೀರು, ಬೆಲ್ಲ, ಮೆಣಸು ಹಾಕಿ ಅತ್ತೆಗೆ ಕೊಟ್ಟೆ. ಜಯಮ್ಮನವರಿಗೂ ಬೆಳಗಿನಿಂದ ಗಂಟಲು ಕಟ್ಟಿದೆ ಎಂದು ಆಗಲೇ ತಿಳಿಯಿತು. ಅವರಿಗೂ ಕೊಟ್ಟೆ. ಅಡುಗೆಗೆ ಕೈಹಾಕಿದವರೆಲ್ಲರ ಗಂಟಲೂ ಕಟ್ಟಿತ್ತು.

ಜಯಮ್ಮ ಊಟ ಮುಗಿಸಿ ಕೈತೊಳೆದರು. ಊಟವೇನೋ ಆಯಿತು ಎಂದು ಶುರುಮಾಡಿದರು. ಆ ಆಯಿತು ಎನ್ನುವುದನ್ನು ಹೇಳಿದ ರೀತಿಯಲ್ಲೇ ನನಗೆ ಮುಂದಿನದು ತಿಳಿಯಿತು. ಬೀಗರನ್ನು ಕರೆದು ಹಸಿ ತೊಡೆ ತೋರಿಸಿ ಸಂಜೆಯವರೆಗೆ ಕಾಯಿಸಿದ್ದು ಶಿವನಿಯಲ್ಲಿ ಯಾರೂ ಕೇಳಿಲ್ಲವಂತೆ. ಆಮೇಲೆ ಚೈತ್ರಳ ಕಡೆ ತಿರುಗಿ, ನಿಮ್ಮ ಮನೆಯಲ್ಲಿ ಎಲ್ಲಾ ಕೆಲಸವೂ ಹೀಗೇನಾ ಎಂದು ಕೇಳಿದರು. ಮಗಳ ಕಣ್ಣು ತುಂಬಿತು. ನನ್ನ ಕೈಯಲ್ಲಿ ಸೌಟಿತ್ತು. ಇಷ್ಟು ವರ್ಷ ನುಂಗಿದ ಮಾತೆಲ್ಲ ಒಟ್ಟಿಗೇ ಬಾಯಿಗೆ ಬಂದು, ಒಂದೂ ಹೊರಬೀಳಲಿಲ್ಲ.

ಮಾತಾಡಿದ್ದು ಅತ್ತೆ. ಲೋಟ ಕೆಳಗಿಟ್ಟು, ಕಾಲು ಮಡಿಸಿ ಕೂತರು.

"ಜಯಮ್ಮ, ಇಲ್ಲಿ ಕೇಳವ್ವ. ಈ ಸರೋಜನ ಬೀಗರೂಟದಲ್ಲಿ ತುಂಡು ಸಿಗ್ಲಿಲ್ಲ ಅಂತ ನಾನು ಇವತ್ತಿನ್ಗಂಟ ಆಡ್ಕೊಂಡು ಬಂದಿದೀನಿ. ಸುಳ್ಳು ಕಣವ್ವ. ತುಂಡು ಬೇಕಾದಂಗಿತ್ತು. ನಾನೇ ಎರಡು ಸಲ ಹಾಕಿಸ್ಕೊಂಡು ತಿಂದೆ."

ಜಯಮ್ಮ ತುಂಬಾ ಪ್ರಾಮಾಣಿಕವಾಗಿ ಕೇಳಿದರು.

"ಏನೂ ಅನ್ನದಂಗೆ ಹೋದ್ರೆ ನಾಳೆ ನನ್ನ ಯಾರು ಬೀಗಿತ್ತಿ ಅಂತಾರೆ, ಅಜ್ಜಿ?"

"ಅನ್ನು, ಬ್ಯಾಡ ಅಂದೋರ್ಯಾರು? ಆ ಡ್ರಮ್ಮಲ್ಲಿ ಬೇಯಿಸ್ತೀನಿ ಅಂದೋನು ನನ್ನ ಮಗ. ಅವನ್ನ ಅನ್ನು. ಸಾಯೋಗಂಟ ಅನ್ನು. ಮಗೀನ ಅನ್ಬ್ಯಾಡ."

ಜಯಮ್ಮ ಒಳ್ಳೆಯವರು, ಹಿರಿಯರ ಮಾತು ಮೀರಲಿಲ್ಲ. ಈಗ ಚೈತ್ರ ಫೋನು ಮಾಡಿದಾಗಲೆಲ್ಲ ಫೋನು ಕಿತ್ತುಕೊಂಡು ಲೋಕೇಶನನ್ನು ಕರೆಸಿ, ತೊಡೆ ಬೆಂತೇನಪ್ಪಾ ಎಂದು ಕೇಳುತ್ತಾರೆ. ಮಗಳ ಮೇಲೆ ಇವತ್ತಿನವರೆಗೆ ಆ ಮಾತು ಬಿದ್ದಿಲ್ಲ. ಲೋಕೇಶ ಫೋನಿನ ಹತ್ತಿರ ಬರುವುದನ್ನೇ ಬಿಟ್ಟಿದ್ದಾನೆ, ವಿಡಿಯೋ ನೋಡುವುದನ್ನೂ.

ಬೀಗರು ರೈಲಿಗೆ ಹೊರಟ ಮೇಲೆ ತೋಟದಲ್ಲಿ ಎಂಜಲೆಲೆ, ಹಂಡೆ ಮತ್ತು ನಾವು ಉಳಿದೆವು. ಅತ್ತೆ ಪಂಪ್‌ಮನೆಯ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದರು. ನಾನು ಹಂಡೆ ಉಜ್ಜುತ್ತಿದ್ದೆ. ಮಗಳನ್ನು ಉಳಿಸಿಕೊಟ್ಟವರಿಗೆ ಕೈಮುಗಿಯಬೇಕಿತ್ತು, ಆದರೆ ನನಗೆ ಬರುತ್ತಿದ್ದದ್ದು ಸಿಟ್ಟು. ಡಬ್ಬಿ ಹಿಡಿದು ಬಸ್ಸಿಳಿಯುತ್ತಿದ್ದ ಅಪ್ಪ ಕಣ್ಣ ಮುಂದೆ ಬಂದು ನಿಂತಿದ್ದರು. ಕಡೆಗೆ ಕೇಳಿಯೇಬಿಟ್ಟೆ: "ಈ ಮಾತನ್ನ ಅಪ್ಪ ಇದ್ದಾಗ ಒಂದ್ಸಲ ಹೇಳಿದ್ರೆ ಏನಾಗ್ತಿತ್ತು ಅತ್ತೆ? ಅವ್ರು ತಪ್ಪು ಮಾಡಿದೀನಿ ಅನ್ಕೊಂಡೇ ಹೋಗ್ಬಿಟ್ರು."

ಅತ್ತೆ ನನ್ನ ಕಡೆ ನೋಡಲಿಲ್ಲ. ತೆಂಗಿನ ಸಾಲಿನ ಕಡೆ ನೋಡುತ್ತಾ ಹೇಳಿದರು.

"ಹೇಳಿದ್ರೆ ಬರೋದು ನಿಲ್ಲಿಸ್ಬಿಡೋರು ಕಣೇ. ಮಗಳ ಮನೆಗೆ ಸುಮ್ನೆ ಬರೋ ಗಂಡ್ಸಲ್ಲ ನಿಮ್ಮಪ್ಪ. ಡಬ್ಬಿ ಇತ್ತು ಅಂತ ಬರೋರು. ಅವ್ರು ಬಂದೋದ್ರೆ ನೀನು ನಾಕು ದಿನ ನಗ್ತಾ ಇರ್ತಿದ್ದೆ." ಮತ್ತೆ ಸೇರಿಸಿದರು, "ಬಾಡೂ ಚೆನ್ನಾಗಿರೋದು."

ಇದರಲ್ಲಿ ಯಾವುದು ನಿಜ, ಯಾವುದು ಬೋರ್ಬನ್ನು, ನನಗೆ ತಿಳಿಯಲಿಲ್ಲ. ಎರಡೂ ನಿಜವಿರಬಹುದು. ಅಳು ಬಂತು, ಹೊಗೆ ಎಂದು ಸೆರಗಿನಿಂದ ಒರೆಸಿಕೊಂಡೆ. ಸಿಟ್ಟು ಹೋಗಲಿಲ್ಲ, ಈಗಲೂ ಪೂರ್ತಿ ಹೋಗಿಲ್ಲ. ಅತ್ತೆ ಲೋಟ ನನ್ನ ಕಡೆ ಚಾಚಿ, ಮಂಡಿ ನೋಯುತ್ತಿದೆ, ಇನ್ನೊಂದು ಚೂರು ಹಾಕು ಎಂದರು.

ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚೇ ಇತ್ತು.

"ಮುಗಿದೋಯ್ತು ಅತ್ತೆ" ಎಂದೆ.